ಆನ್‌ಲೈನ್‌ನಲ್ಲಿ ಕೊಂಡ ಟ್ರೆಕಿಂಗ್ ಬೂಟು ಕೊಡಚಾದ್ರಿ ಇಳಿಯುವಾಗ ಯಾಕೆ ಕೈಕೊಡುತ್ತದೆ?

ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ ನಾವು ಆರು ಜನ ಕೊಡಚಾದ್ರಿ ಇಳಿಯುತ್ತಿದ್ದೆವು. ಹಿಂದಿನಿಂದ ಬಂದವರೊಬ್ಬರು ಕೂಗಿ ಹೇಳಿದರು: "ಹ್ವಾಯ್, ನಿಮ್ ಬೂಟಿನ್ ಅಡಿ ಇಲ್ಲೇ ಬಿದ್ದಿತ್ತ್ ಕಾಣಿ!" ತಿರುಗಿ ನೋಡಿದರೆ ನಮ್ಮಲ್ಲೊಬ್ಬರ ಬೂಟಿನ ಅಟ್ಟೆ ಇಡಿಯಾಗಿ ಕಳಚಿ ಕೆಸರಿನಲ್ಲಿ ಕೂತಿತ್ತು. ಕೂಗಿದವರ ಕಾಲಲ್ಲಿ ಇದ್ದದ್ದು ಮಳೆಗಾಲದ ಪ್ಲಾಸ್ಟಿಕ್ ಚಪ್ಪಲಿ. ಉಳಿದ ದಾರಿಯನ್ನು ಬೈರಾಸು ಹರಿದು ಬೂಟಿಗೆ ಸುತ್ತಿ ಕಟ್ಟಿಕೊಂಡು ಇಳಿದದ್ದಾಯಿತು.

ಆ ಬೂಟು ಅಗ್ಗದ್ದೇನೂ ಆಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಆನ್‌ಲೈನ್ ಸೇಲ್‌ನಲ್ಲಿ ಅರ್ಧ ಬೆಲೆಗೆ ಬಂದದ್ದು. ಹಾಕಿದ್ದು ಒಟ್ಟು ಐದು ಸಲ. ಇಷ್ಟು ಕಡಿಮೆ ಬಳಸಿದ ಬೂಟು ಹೀಗಾಗಲು ಸಾಧ್ಯವೇ ಎಂದು ಎಲ್ಲರೂ ಕೇಳಿದರು. ಸಾಧ್ಯ. ಅಷ್ಟೇ ಅಲ್ಲ, ಕಡಿಮೆ ಬಳಸಿದ್ದೂ ಅದಕ್ಕೊಂದು ಕಾರಣ. ಹೇಗೆಂದು ಮುಂದೆ ನೋಡೋಣ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಚಾರಣದ ಹುಚ್ಚು ಹತ್ತಿಸಿಕೊಂಡವರಿಗೆ ಬೆಟ್ಟ ಹತ್ತಿರ, ಬೂಟಿನ ಅಂಗಡಿ ದೂರ. ಪೇಟೆಯ ಚಪ್ಪಲಿ ಅಂಗಡಿಗಳಲ್ಲಿ ಶಾಲೆಯ ಶೂ, ಆಫೀಸಿನ ಶೂ, ಮಳೆಗಾಲದ ಸ್ಯಾಂಡಲ್ ಬೇಕಾದಷ್ಟು ಸಿಗುತ್ತವೆ. ಟ್ರೆಕಿಂಗ್ ಬೂಟು ಇದ್ದರೂ ಒಂದೆರಡು ಮಾದರಿ, ನಿಮ್ಮ ಅಳತೆಯದ್ದು ಇರುವುದು ಅದೃಷ್ಟ. ಹಾಗಾಗಿ ಹೆಚ್ಚಿನವರು ಮೊಬೈಲಿನಲ್ಲೇ ಕೊಳ್ಳುತ್ತಾರೆ. ಹಾಕಿ ನೋಡದೆ, ಬಗ್ಗಿಸಿ ನೋಡದೆ, ತೂಗಿ ನೋಡದೆ.

ಎಂಟನೇ ನಂಬರ್ ಎಂದರೆ ಎಷ್ಟು?

"ನನ್ನದು ಎಂಟನೇ ನಂಬರ್" ಎಂದು ನಾವೆಲ್ಲ ಖಚಿತವಾಗಿ ಹೇಳುತ್ತೇವೆ. ಆದರೆ ಆ ಎಂಟು ಪಾದದ ಅಳತೆಯೇ ಅಲ್ಲ. ಭಾರತದಲ್ಲಿ ಬಳಕೆಯಲ್ಲಿರುವುದು ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಇದರ ಮೂಲಮಾನ ಒಂದು ಬಾರ್ಲಿ ಕಾಳಿನ ಉದ್ದ, ಅಂದರೆ ಇಂಚಿನ ಮೂರನೇ ಒಂದು ಭಾಗ, 8.46 ಮಿಲಿಮೀಟರ್. ಒಂದು ನಂಬರಿನಿಂದ ಇನ್ನೊಂದಕ್ಕೆ ಇರುವ ಅಂತರ ಇಷ್ಟು. ಅದೂ ಲೆಕ್ಕ ಹಾಕುವುದು ಪಾದದ ಮೇಲಲ್ಲ; ಶೂ ತಯಾರಿಸುವಾಗ ಒಳಗೆ ಇಡುವ ಪಾದದಾಕಾರದ ಅಚ್ಚಿನ ಮೇಲೆ. ಅಚ್ಚಿನ ಉದ್ದವನ್ನು ಇಂಚಿನಲ್ಲಿ ತೆಗೆದುಕೊಂಡು ಮೂರರಿಂದ ಗುಣಿಸಿ 25 ಕಳೆದರೆ ದೊಡ್ಡವರ ನಂಬರ್ ಸಿಗುತ್ತದೆ. ಅಚ್ಚು ಪಾದಕ್ಕಿಂತ ಎಷ್ಟು ಉದ್ದ ಇರಬೇಕು ಎಂಬುದನ್ನು ತೀರ್ಮಾನಿಸುವುದು ತಯಾರಕರು. ಹೀಗಾಗಿ ಒಂದು ಕಂಪನಿಯ ಎಂಟು ಬಿಗಿ, ಇನ್ನೊಂದರ ಎಂಟು ಸಡಿಲ.

ಯುರೋಪಿನ ನಂಬರ್ ಬೇರೆಯೇ ಅಳತೆಯದು. ಅಲ್ಲಿ ಒಂದು ಹೆಜ್ಜೆ ಎಂದರೆ ಒಂದು ಸೆಂಟಿಮೀಟರಿನ ಮೂರನೇ ಎರಡು ಭಾಗ, ಸುಮಾರು 6.67 ಮಿಲಿಮೀಟರ್. ಎರಡನ್ನೂ ಹೊಂದಿಸಿದರೆ ಯುಕೆ 8 ಹೆಚ್ಚು ಕಡಿಮೆ ಸರಿಯಾಗಿ 42ಕ್ಕೆ ಕೂರುತ್ತದೆ. ಆದರೆ ಯುಕೆ 7 ಬರುವುದು 40.6ಕ್ಕೆ. ಅದನ್ನು ಕೆಲವರು 40 ಎಂದು ಬರೆಯುತ್ತಾರೆ, ಕೆಲವರು 41 ಎಂದು. ಅಮೆರಿಕದ ಗಂಡಸರ ನಂಬರ್ ಯುಕೆಗಿಂತ ಅರ್ಧದಿಂದ ಒಂದು ಹೆಚ್ಚು. ಮಾರಾಟದ ಪುಟದಲ್ಲಿ "8" ಎಂದಷ್ಟೇ ಇದ್ದು ಅದು ಯುಕೆಯೋ ಯುಎಸ್ಸೋ ಎಂದು ಬರೆಯದಿದ್ದರೆ ಅಲ್ಲಿಂದ ಮುಂದೆ ಹೋಗುವುದೇ ಒಳ್ಳೆಯದು.

ಇವೆಲ್ಲದರ ನಡುವೆ ನಂಬಬಹುದಾದ ಅಳತೆ ಒಂದಿದೆ. ಅದು ಪಾದದ ಉದ್ದ, ಮಿಲಿಮೀಟರಿನಲ್ಲಿ. ಐಎಸ್‌ಒ 9407 ಎಂಬ ಅಂತರರಾಷ್ಟ್ರೀಯ ಮಾನದಂಡ ಪಾದದ ಉದ್ದ ಮತ್ತು ಅಗಲ ಎರಡನ್ನೂ ಮಿಲಿಮೀಟರಿನಲ್ಲೇ ಹೇಳುತ್ತದೆ. ಹಲವು ಶೂಗಳ ನಾಲಿಗೆಯ ಒಳಬದಿಯ ಚೀಟಿಯಲ್ಲಿ ಯುಕೆ, ಇಯು ನಂಬರಿನ ಜತೆ ಒಂದು ಸೆಂಟಿಮೀಟರ್ ಸಂಖ್ಯೆಯೂ ಇರುತ್ತದೆ. ಈಗ ನಿಮ್ಮ ಕಾಲಲ್ಲಿ ಚೆನ್ನಾಗಿ ಕೂರುತ್ತಿರುವ ಶೂವಿನ ಆ ಸಂಖ್ಯೆ ನೋಡಿಕೊಳ್ಳಿ.

ನಮ್ಮ ಪಾದದ ಅಗಲ

ಉದ್ದ ಸರಿ ಹೋದರೂ ಬೂಟು ಕಚ್ಚುತ್ತದೆ ಎನ್ನುವವರು ನಮ್ಮಲ್ಲಿ ಬಹಳ. ಇದಕ್ಕೆ ಅವರ ಪಾದವನ್ನು ದೂರಬೇಕಾಗಿಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಭಾರತೀಯರ ಪಾದ ಸಾಮಾನ್ಯವಾಗಿ ಯುರೋಪ್, ಅಮೆರಿಕದವರದ್ದಕ್ಕಿಂತ ಅಗಲ ಎಂಬುದು ಅದರಿಂದ ತಿಳಿದುಬಂತು. ಅದರ ಆಧಾರದಲ್ಲೇ ನಮ್ಮದೇ ಒಂದು ಅಳತೆ ಪದ್ಧತಿ ಬೇಕೆಂಬ ಪ್ರಸ್ತಾಪ ಬಂದದ್ದು. ಹೆಸರು "ಭಾ".

2009ರಲ್ಲಿ ಬೆಲ್ಜಿಯಂನ ಸಂಶೋಧಕರು ಇನ್ನೊಂದು ಹೋಲಿಕೆ ಪ್ರಕಟಿಸಿದ್ದರು. ಹುಟ್ಟಿನಿಂದ ಬರಿಗಾಲಲ್ಲೇ ನಡೆದ ಭಾರತೀಯರು, ಚಪ್ಪಲಿ-ಶೂ ಹಾಕುವ ಭಾರತೀಯರು ಮತ್ತು ಪಾಶ್ಚಾತ್ಯರು, ಹೀಗೆ ಮೂರು ಗುಂಪುಗಳ ಪಾದಗಳನ್ನು ಅವರು ನೋಡಿದರು. ಬರಿಗಾಲಿನವರ ಪಾದ ಹೆಚ್ಚು ಅಗಲವಾಗಿತ್ತು, ನಡೆಯುವಾಗ ಭಾರವೂ ಪಾದದ ತುಂಬ ಹೆಚ್ಚು ಸಮನಾಗಿ ಹರಡುತ್ತಿತ್ತು. ಮನೆಯೊಳಗೆ, ಅಂಗಳದಲ್ಲಿ, ಗದ್ದೆಯಲ್ಲಿ ಬರಿಗಾಲು, ಹೊರಗೆ ಹೋದರೆ ಹವಾಯಿ ಚಪ್ಪಲಿ. ಕರಾವಳಿಯ ಬಾಲ್ಯ ಇದೇ ತಾನೇ? ಬೆರಳುಗಳು ಹರಡಿಕೊಂಡೇ ಬೆಳೆದಿರುತ್ತವೆ. ಅಂಥ ಪಾದವನ್ನು ಮೂತಿ ಚೂಪಾದ ಬೂಟಿಗೆ ತುರುಕಿದರೆ ಕಿರುಬೆರಳು ಬೊಬ್ಬೆ ಹೊಡೆಯದೆ ಇನ್ನೇನು ಮಾಡೀತು?

ಇಂಥ ಸಂದರ್ಭದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಅಗಲ ಸಾಲುವುದಿಲ್ಲವೆಂದು ಒಂದು ನಂಬರ್ ದೊಡ್ಡದು ತರಿಸುತ್ತಾರೆ. ಅಗಲ ಸ್ವಲ್ಪ ಸಿಗುತ್ತದೆ ನಿಜ, ಆದರೆ ಉದ್ದ 8 ಮಿಲಿಮೀಟರ್ ಹೆಚ್ಚಾಗಿ ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡತೊಡಗುತ್ತದೆ. ಅದಕ್ಕಿಂತ ಅಗಲದ ಆಯ್ಕೆ ಇರುವ ಮಾದರಿ ಹುಡುಕುವುದು ಮೇಲು. ಹೆಂಗಸರ ಬೂಟುಗಳನ್ನು ಸಾಮಾನ್ಯವಾಗಿ ಇನ್ನೂ ಕಿರಿದಾದ ಅಚ್ಚಿನಲ್ಲಿ ಮಾಡುತ್ತಾರೆ; ಪಾದ ಅಗಲವಿರುವ ಹೆಂಗಸರು ಗಂಡಸರ ವಿಭಾಗದ ಸಣ್ಣ ಅಳತೆ ನೋಡಲು ಸಂಕೋಚಪಡಬೇಕಾಗಿಲ್ಲ.

"ಹಾಕ್ತಾ ಹಾಕ್ತಾ ಸಡಿಲ ಆಗ್ತದೆ" ಎಂಬ ಮಾತನ್ನೂ ನಂಬಬೇಡಿ. ಚರ್ಮದ ಬೂಟು ಅಗಲದಲ್ಲಿ ತುಸು ಬಿಟ್ಟುಕೊಡುತ್ತದೆ, ಉದ್ದದಲ್ಲಿ ಇಲ್ಲ. ಸಿಂಥೆಟಿಕ್ ಬಟ್ಟೆಯದು ಹೆಚ್ಚು ಕಡಿಮೆ ಮೊದಲ ದಿನ ಹೇಗಿತ್ತೋ ಹಾಗೆಯೇ.

ಅಳೆಯುವುದು ಹೇಗೆ?

ಶೂ ಅಂಗಡಿಗಳ ಲೋಹದ ಅಳತೆಪಟ್ಟಿಯನ್ನು 1920ರ ದಶಕದಲ್ಲಿ ಅಮೆರಿಕದ ಸಿರಾಕ್ಯೂಸ್ ಊರಿನ ಶೂ ವ್ಯಾಪಾರಿಯ ಮಗ ಚಾರ್ಲ್ಸ್ ಬ್ರ್ಯಾನಕ್ ರೂಪಿಸಿದ. ಮನೆಯಲ್ಲಿ ನಮಗೆ ಅದು ಬೇಡ. ಒಂದು ಹಾಳೆ, ಪೆನ್ಸಿಲ್, ಸ್ಕೇಲು ಸಾಕು. ಸಂಜೆ ಅಳೆಯಿರಿ, ದಿನವಿಡೀ ಓಡಾಡಿದ ಪಾದ ಬೆಳಗಿಗಿಂತ ಸ್ವಲ್ಪ ಊದಿರುತ್ತದೆ. ಚಾರಣಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿ, ಹಾಳೆಯನ್ನು ಗೋಡೆಗೆ ತಾಗಿಸಿ, ಹಿಮ್ಮಡಿ ಗೋಡೆಗೆ ಒತ್ತಿ ನಿಲ್ಲಿ. ಕೂತು ಅಳೆಯಬಾರದು, ಮೈಭಾರ ಬಿದ್ದಾಗ ಪಾದ ಉದ್ದವೂ ಆಗುತ್ತದೆ, ಅಗಲವೂ ಆಗುತ್ತದೆ. ಗುರುತು ಹಾಕುವವರು ಬೇರೆಯವರಾದರೆ ಒಳ್ಳೆಯದು, ನಾವೇ ಬಗ್ಗಿದರೆ ಭಾರ ಸರಿಯುತ್ತದೆ. ಅತಿ ಉದ್ದದ ಬೆರಳಿನ ತುದಿ ಗುರುತಿಸಿ (ಕೆಲವರಿಗೆ ಅದು ಹೆಬ್ಬೆರಳಲ್ಲ, ಪಕ್ಕದ್ದು). ಬೆರಳುಗಳ ಬುಡದಲ್ಲಿ ಪಾದ ಅತಿ ಅಗಲವಿರುವ ಜಾಗವನ್ನೂ ಅಳೆಯಿರಿ. ಎರಡೂ ಕಾಲು ಅಳೆದು ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡೂ ಒಂದೇ ಅಳತೆ ಇರುವವರು ಕಡಿಮೆ.

ಚಾರಣದ ಬೂಟಿನಲ್ಲಿ ಬೆರಳಿನ ಮುಂದೆ ಸುಮಾರು ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಕಾರಣ ಹತ್ತುವುದಲ್ಲ, ಇಳಿಯುವುದು. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಬೆರಳು ಬೂಟಿನ ಮೂತಿಗೆ ಬಡಿಯುತ್ತದೆ. ಸಾವಿರಾರು ಹೆಜ್ಜೆ ಹೀಗೆ ಬಡಿದರೆ ಉಗುರಿನಡಿ ರಕ್ತ ಕಟ್ಟಿ ಕಪ್ಪಾಗುತ್ತದೆ, ಕೆಲವು ವಾರಗಳಲ್ಲಿ ಉಗುರೇ ಬಿದ್ದು ಹೋಗಬಹುದು. 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಹೋಗಿ ಬಂದ ಮೇಲೆ ಕಾಣುವ ಕಪ್ಪು ಉಗುರಿನ ಹಿಂದೆ ಬಹುಪಾಲು ಇದೇ ಕತೆ.

ಹಿಮ್ಮಡಿಯ ಗುಳ್ಳೆಯದ್ದು ಬೇರೆ. ಅದು ಬರೀ ಉಜ್ಜುವಿಕೆಯಿಂದ ಆಗುವುದಲ್ಲ. ಹೊರಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ನಿಂತಿರುವಾಗ ಒಳಗಿನ ಮೂಳೆ ಮಾತ್ರ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ನಡುವಿನ ಪದರ ಎಳೆದೆಳೆದು ಹರಿದು ಆ ಜಾಗದಲ್ಲಿ ನೀರು ತುಂಬುತ್ತದೆ. ಒದ್ದೆ ಚರ್ಮ ಒಣ ಚರ್ಮಕ್ಕಿಂತ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ ಮಳೆಯಲ್ಲಿ ಗುಳ್ಳೆ ಬೇಗ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಈ ಗುಳ್ಳೆ ಗೊತ್ತೇ ಆಗದೆ ವ್ರಣವಾಗಬಹುದು. ಅವರು ಅಂದಾಜಿನಲ್ಲಿ ಬೂಟು ತರಿಸುವುದೇ ಬೇಡ. ವೈದ್ಯರಿಗೆ ಪಾದ ತೋರಿಸಿ ಕೇಳಿಕೊಂಡ ಮೇಲೆಯೇ ಕೊಳ್ಳಬೇಕು.

ವಾಟರ್‌ಪ್ರೂಫ್ ಬೇಕೇ?

ನಮ್ಮ ಕಡೆಯವರು ಹೆಚ್ಚು ದುಡ್ಡು ಸುರಿಯುವುದು ಈ ಒಂದು ಪದಕ್ಕೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಅದು ಸಹಜವೂ ಹೌದು. ಆದರೆ ಲೆಕ್ಕ ಹಾಕಿ ನೋಡಿದರೆ ವಾಟರ್‌ಪ್ರೂಫ್ ಬೂಟಿನ ಅರ್ಧ ಗುಣ ನಮ್ಮ ಹವೆಯಲ್ಲಿ ಕೆಲಸ ಮಾಡುವುದೇ ಇಲ್ಲ.

ಗೋರ್-ಟೆಕ್ಸ್ ಮಾದರಿಯ ಪೊರೆಯನ್ನು ತೆಗೆದುಕೊಳ್ಳಿ. 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ಜಾತಿಯ ವಸ್ತುವನ್ನು ಜೋರಾಗಿ ಎಳೆದಾಗ ಸಿಕ್ಕ ಹಿಗ್ಗಿದ ರೂಪ ಅದರ ಮೂಲ. ಅದರ ರಂಧ್ರಗಳು ನೀರಿನ ಹನಿಗಿಂತ ಬಹಳ ಚಿಕ್ಕವು, ಆವಿಯ ಕಣಕ್ಕಿಂತ ಬಹಳ ದೊಡ್ಡವು. ಮಳೆ ಒಳಗೆ ಬಾರದು, ಬೆವರಿನ ಆವಿ ಹೊರಗೆ ಹೋಗಬಹುದು. ಇಲ್ಲಿ "ಹೋಗಬಹುದು" ಎಂಬುದಕ್ಕೆ ಒಂದು ಷರತ್ತಿದೆ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದರೆ ಮಾತ್ರ ಆವಿ ಹೊರಡುತ್ತದೆ, ಆ ವ್ಯತ್ಯಾಸ ದೊಡ್ಡದಿದ್ದಷ್ಟೂ ವೇಗವಾಗಿ.

ಬೂಟಿನೊಳಗೆ 33 ಡಿಗ್ರಿ ಸೆಲ್ಸಿಯಸ್, ಪೂರ್ತಿ ತೇವ ಎಂದಿಟ್ಟುಕೊಳ್ಳೋಣ. ಆವಿಯ ಒತ್ತಡ ಸುಮಾರು 5 ಕಿಲೋಪ್ಯಾಸ್ಕಲ್. ಆಲ್ಪ್ಸ್ ಬೆಟ್ಟದ 5 ಡಿಗ್ರಿಯ ಚಳಿಯಲ್ಲಿ, 80 ಶೇಕಡಾ ತೇವಾಂಶದಲ್ಲಿ ಹೊರಗಿನ ಒತ್ತಡ ಸುಮಾರು 0.7. ವ್ಯತ್ಯಾಸ 4.3. ಜುಲೈ ತಿಂಗಳ ಕೊಲ್ಲೂರಿನಂಥ ಕಡೆ 26 ಡಿಗ್ರಿ, 95 ಶೇಕಡಾ ತೇವಾಂಶ ಎಂದರೆ ಹೊರಗಿನ ಒತ್ತಡವೇ 3.2. ವ್ಯತ್ಯಾಸ 1.8ಕ್ಕೆ ಇಳಿಯಿತು. ಅಂದರೆ ಅದೇ ಪೊರೆ, ಅದೇ ಬೆಲೆ, ಆದರೆ ಬೆವರು ಹೊರಹಾಕುವ ಬಲ ಅರ್ಧಕ್ಕಿಂತಲೂ ಕಡಿಮೆ. ಮೇಲಿಂದ ಹೊರಬಟ್ಟೆ ಮಳೆಯಲ್ಲಿ ನೆನೆದು ನೀರಿನ ಪದರ ಕೂತರೆ ಅದೂ ಇಲ್ಲ. ಮಳೆಯಿಂದ ಒದ್ದೆಯಾಗದ ಕಾಲು ಬೆವರಿನಿಂದ ಒದ್ದೆಯಾಗುತ್ತದೆ.

ಇನ್ನು ನಮ್ಮ ಕಾಡಿನ ದಾರಿಗಳಲ್ಲಿ ಮಳೆಗಾಲಕ್ಕೆ ಹಳ್ಳ, ತೋಡು ದಾಟದೆ ಗತಿಯಿಲ್ಲ. ನೀರು ಕಣಕಾಲಿನ ಮೇಲೆ ಬಂದರೆ ಬೂಟಿನ ಬಾಯಿಯಿಂದಲೇ ಒಳಗಿಳಿಯುತ್ತದೆ. ಹೊರಗಿನ ನೀರು ಒಳಗೆ ಬಾರದಂತೆ ತಡೆಯುವ ಪೊರೆ ಒಳಗಿನ ನೀರನ್ನು ಹೊರಗೆ ಬಿಡುವುದೂ ಇಲ್ಲ. ಎರಡು ಕಾಲಿಗೆ ಎರಡು ಬಕೆಟ್. ಜಾಲರಿ ಬಟ್ಟೆಯ ಸಾದಾ ಶೂ ಆದರೆ ನೀರು ಹೊಕ್ಕ ದಾರಿಯಲ್ಲೇ ಹೊರಟು ಅರ್ಧ ಗಂಟೆಯಲ್ಲಿ ಕಾಲು ಹಗುರಾಗುತ್ತದೆ. ಹಿಮಾಲಯಕ್ಕೆ ಹೋಗುವವರಾದರೆ ವಾಟರ್‌ಪ್ರೂಫ್‌ಗೆ ದುಡ್ಡು ಕೊಡಿ, ಕೊಡಚಾದ್ರಿ, ಬೆಳ್ಕಲ್ ತೀರ್ಥ, ಕೂಡ್ಲು ತೀರ್ಥದಷ್ಟೇ ನಿಮ್ಮ ಓಡಾಟವಾದರೆ ಬೇಡ ಎಂಬುದು ನಮ್ಮ ಅಭಿಪ್ರಾಯ. ಹಾಗೆಯೇ "ವಾಟರ್ ರೆಸಿಸ್ಟೆಂಟ್" ಎಂದರೆ ವಾಟರ್‌ಪ್ರೂಫ್ ಅಲ್ಲ. ಸ್ವಲ್ಪ ಹೊತ್ತು ತಡೆದೀತು ಎಂದಷ್ಟೇ ಅದರ ಅರ್ಥ. ಜಾಹೀರಾತಿನ ಭಾಷೆ ಓದುವುದು ನಮ್ಮ ಓದಿನ ಭಾಗವೇ ಆಗಿದ್ದರೂ ಈ ಎರಡು ಪದಗಳಲ್ಲಿ ನಾವೂ ಒಮ್ಮೆ ಎಡವಿದ್ದೇವೆ.

ಉಂಬಳದ ಭಯಕ್ಕೆ ಎತ್ತರದ ಬೂಟು ಕೊಳ್ಳುವವರಿದ್ದಾರೆ. ಉಂಬಳ ಲೇಸಿನ ತೂತಿನಲ್ಲೂ ನುಸುಳುತ್ತದೆ. ಅದಕ್ಕೆ ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಚೀಲ ಬೇಕು. ಬೂಟಿನ ಎತ್ತರದಿಂದ ಪ್ರಯೋಜನವಿಲ್ಲ.

ಎತ್ತರದ ಬೂಟು ಕಾಲು ಉಳುಕದಂತೆ ಕಾಯುತ್ತದೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. 1993ರಲ್ಲಿ ಅಮೆರಿಕದಲ್ಲಿ 622 ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಎತ್ತರದ ಮತ್ತು ತಗ್ಗಿನ ಶೂ ಹಂಚಿ ನೋಡಿದಾಗ ಉಳುಕಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂಗಳ ಬೇರೆ, ಬೆಟ್ಟ ಬೇರೆ, ಒಪ್ಪೋಣ. ಆದರೆ ತೂಕದ ವಿಷಯ ಸ್ಪಷ್ಟ: ಕಾಲಿಗೆ ಕಟ್ಟಿದ ಒಂದು ಕಿಲೋ ಬೆನ್ನಿನ ಮೇಲಿನ ಐದಾರು ಕಿಲೋದಷ್ಟು ಶಕ್ತಿ ತಿನ್ನುತ್ತದೆ ಎಂದು ಸೈನಿಕರ ಬೂಟಿನ ಕುರಿತ ಅಧ್ಯಯನಗಳು ತೋರಿಸಿವೆ. ಮಾರಾಟದ ಪುಟದಲ್ಲಿ ತೂಕ ಬರೆದಿದ್ದರೆ ತಪ್ಪದೆ ನೋಡಿ.

ಅಟ್ಟೆ ಕಳಚುವುದು ಯಾಕೆ?

ಈಗ ಆ ಬೂಟಿಗೆ ಬರೋಣ. ಬೂಟಿನ ಕೆಳಗೆ ಎರಡು ಪದರ. ನೆಲ ಮುಟ್ಟುವುದು ರಬ್ಬರ್. ಅದರ ಮೇಲೆ ಮೆತ್ತೆಯಂಥ ನಡುಪದರ. ಈ ನಡುಪದರ ಹಲವು ಬೂಟುಗಳಲ್ಲಿ ಪಾಲಿಯುರೆಥೇನ್‌ನದು. ತುಳಿತಕ್ಕೆ ಅದು ಬಹಳ ಬಾಳಿಕೆ ಬರುತ್ತದೆ, ಆದರೆ ಗಾಳಿಯಲ್ಲಿನ ತೇವ ಅದರ ಅಣುಸರಪಳಿಯನ್ನು ನಿಧಾನವಾಗಿ ಕತ್ತರಿಸುತ್ತ ಹೋಗುತ್ತದೆ. ಈ ಕ್ರಿಯೆಗೆ ಜಲವಿಚ್ಛೇದನ ಎನ್ನುತ್ತಾರೆ. ಬಿಸಿ ಮತ್ತು ತೇವ ಹೆಚ್ಚಿದ್ದಷ್ಟೂ ಇದು ಚುರುಕು. ಬೂಟು ಕಾಲಲ್ಲಿರಲಿ, ಕಪಾಟಿನಲ್ಲಿರಲಿ ನಡೆಯುತ್ತಲೇ ಇರುತ್ತದೆ. ಆಗಾಗ ಹಾಕಿ ನಡೆದರೆ ತುಳಿತಕ್ಕೆ ಒಳಗಿನ ತೇವ ಹೊರಹೋಗುತ್ತದೆ ಎನ್ನುತ್ತಾರೆ ಬೂಟು ತಯಾರಕರು. ಡಬ್ಬಿಯಲ್ಲಿ ಮುಚ್ಚಿಟ್ಟದ್ದಕ್ಕೆ ಆ ಭಾಗ್ಯವಿಲ್ಲ. ಒಂದು ದಿನ ನಡುಪದರ ಹಳೆಯ ರಸ್ಕಿನಂತೆ ಪುಡಿಯಾಗಿ ಅಟ್ಟೆ ಕೈಗೆ ಬರುತ್ತದೆ. ಕುಂದಾಪುರದ ಹವೆ, ಅಟ್ಟದ ಮೇಲಿನ ಪ್ಲಾಸ್ಟಿಕ್ ಚೀಲ, ವರ್ಷಕ್ಕೊಂದು ಚಾರಣ: ಬೂಟು ಹಾಳಾಗಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಬೇಡ.

ಇಲ್ಲೇ ಸೇಲ್‌ನ ಗುಟ್ಟೂ ಇದೆ. ಅರ್ಧ ಬೆಲೆಯ ಬೂಟು ಗೋದಾಮಿನಲ್ಲಿ ಎಷ್ಟು ವರ್ಷ ಕೂತಿತ್ತು? ಪೊಟ್ಟಣದ ಸರಕಿನ ಮೇಲೆ ತಯಾರಾದ ತಿಂಗಳು, ವರ್ಷ ಇರಲೇಬೇಕೆಂದು ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳು ಹೇಳುತ್ತವೆ. ಆದರೆ ಆನ್‌ಲೈನ್ ಮಾರಾಟದ ಪುಟ ತೋರಿಸಬೇಕಾದ ವಿವರಗಳಲ್ಲಿ ಈ ತಿಂಗಳು-ವರ್ಷಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಡಬ್ಬಿ ಮನೆಗೆ ಬಂದಾಗಲೇ ಅದು ಕಾಣುವುದು. ಬಂದ ಕೂಡಲೇ ಮೊದಲು ನೋಡಬೇಕಾದದ್ದು ಅದನ್ನೇ. ಮೂರು ನಾಲ್ಕು ವರ್ಷ ಹಳೆಯದಾದರೆ ಎಷ್ಟೇ ಹೊಳೆಯುತ್ತಿದ್ದರೂ ಹಿಂದೆ ಕಳಿಸುವುದು ಜಾಣತನ. ಇವಿಎ ಎಂಬ ನೊರೆಯ ನಡುಪದರವಾದರೆ ಈ ರೀತಿ ಪುಡಿಯಾಗುವುದಿಲ್ಲ. ಅದು ತುಳಿದು ತುಳಿದು ಚಪ್ಪಟೆಯಾಗುತ್ತದೆ ಅಷ್ಟೇ. ವರ್ಷಕ್ಕೆ ಎರಡು ಮೂರು ಸಲ ಹೋಗುವವರಿಗೆ ಅದೇ ವಾಸಿ.

ಹಿಡಿತದ ಬಗ್ಗೆಯೂ ಒಂದು ಮಾತು. ಆಳವಾದ ಹಲ್ಲುಗಳ ರಬ್ಬರ್ ಅಟ್ಟೆ ಬಂದದ್ದು ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿಯಿಂದ. 1935ರಲ್ಲಿ ಆಲ್ಪ್ಸ್‌ನಲ್ಲಿ ಆರು ಜನ ಸತ್ತ ಮೇಲೆ ಆತ ಅದನ್ನು ರೂಪಿಸಿದ, ವೈಬ್ರಮ್ ಎಂಬ ಹೆಸರು ಅವನದ್ದೇ. ಹಲ್ಲು ಕೆಸರಿಗೆ, ಸಡಿಲ ಮಣ್ಣಿಗೆ ಸರಿ. ಆದರೆ ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಯಾವ ಅಟ್ಟೆಯೂ ನಿಲ್ಲದು. ರಬ್ಬರ್ ಕಲ್ಲನ್ನು ಮುಟ್ಟುವುದೇ ಇಲ್ಲ, ನಡುವೆ ಲೋಳೆ ಇರುತ್ತದೆ. ಅಲ್ಲಿ ಕಾಯುವುದು ಊರುಗೋಲು ಮತ್ತು ಸಣ್ಣ ಹೆಜ್ಜೆ.

ಬೆಲೆ, ವಿಮರ್ಶೆ, ವಾಪಸಾತಿ

2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5, ಅದರ ಮೇಲೆ ಶೇ. 18. ಆ ಗಡಿಯ ಆಚೆ ಈಚೆ ಇರುವ ಎರಡು ಬೂಟುಗಳ ಬೆಲೆಯ ವ್ಯತ್ಯಾಸದಲ್ಲಿ ದೊಡ್ಡ ಪಾಲು ತೆರಿಗೆಯದ್ದು, ಗುಣದ್ದಲ್ಲ. ಗೀಟು ಹೊಡೆದ ಎಂಆರ್‌ಪಿ ನೋಡಿ ಲಾಭ ಎಣಿಸುವುದೂ ವ್ಯರ್ಥ, ಆ ಬೆಲೆಗೆ ಯಾರೂ ಕೊಂಡಿರುವುದಿಲ್ಲ. "ಇನ್ನು ಎರಡೇ ಉಳಿದಿವೆ" ಎಂಬ ಸುಳ್ಳು ಅವಸರವನ್ನು 2023ರ ನವೆಂಬರ್‌ನಲ್ಲಿ ಹೊರಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ನಿಷೇಧಿಸಿವೆ. ಆದರೂ ಅದು ಕಂಡಾಗ ಬೆರಳು ತಾನಾಗಿ ಮುಂದೆ ಹೋಗುತ್ತದೆ, ನಮಗೂ ಹೋಗಿದೆ. ವಿಮರ್ಶೆಗಳಲ್ಲಿ ನಕ್ಷತ್ರ ಬಿಟ್ಟು ಮೂರು ವಿಷಯ ಹುಡುಕಿ: ಬರೆದವರು ಆರು ತಿಂಗಳ ಮೇಲೆ ಬಳಸಿದ್ದಾರೆಯೇ, ಪಾದದ ಅಗಲದ ಬಗ್ಗೆ ಏನಾದರೂ ಹೇಳಿದ್ದಾರೆಯೇ, ಮಳೆಯಲ್ಲಿ ಹಾಕಿದ್ದಾರೆಯೇ. ಬಂದ ದಿನವೇ ಬರೆದ "ಸೂಪರ್ ಪ್ರಾಡಕ್ಟ್" ನಿಮ್ಮ ಪ್ರಯೋಜನಕ್ಕೆ ಬಾರದು.

ಕೊಳ್ಳುವ ಮೊದಲು ನಿಮ್ಮ ಪಿನ್‌ಕೋಡ್ ಹಾಕಿ ವಾಪಸಾತಿ ಇದೆಯೇ, ಅಳತೆ ಬದಲಾವಣೆ ಮಾತ್ರವೇ ಎಂದು ನೋಡಿ. ಪೇಟೆಯಿಂದ ಒಳಗಿನ ಊರುಗಳಿಗೆ ತಂದು ಕೊಡುವವರು ವಾಪಸ್ ಒಯ್ಯಲು ಬಾರದಿರುವುದು ನಮಗೇ ಆಗಿದೆ. ಬೂಟು ಬಂದ ಮೇಲೆ ಚೀಟಿ ಕೀಳದೆ, ಚಾಪೆಯ ಮೇಲಷ್ಟೇ, ಸಂಜೆ ಹೊತ್ತು ಇಪ್ಪತ್ತು ನಿಮಿಷ ನಡೆಯಿರಿ. ಒಳಗಿನ ಮೆತ್ತೆಯನ್ನು ಹೊರತೆಗೆದು ಅದರ ಮೇಲೆ ನಿಲ್ಲಿ. ಪಾದ ಅದರ ಅಂಚು ಮೀರಿ ಚಾಚಿದರೆ ಆ ಬೂಟು ನಿಮ್ಮದಲ್ಲ. ಲೇಸು ಬಿಗಿದು ಮನೆಯೊಳಗಿನ ಮೆಟ್ಟಿಲು ಹತ್ತಾರು ಸಲ ಇಳಿಯಿರಿ. ಬೆರಳು ಮುಂದೆ ತಾಗಿದರೆ, ಹತ್ತುವಾಗ ಹಿಮ್ಮಡಿ ಎದ್ದರೆ, ಬೆಟ್ಟದಲ್ಲಿ ಅದು ನೂರು ಪಟ್ಟು ಆಗುತ್ತದೆ.

ದೋಷವಿರುವ, ನಕಲಿಯಾದ ಅಥವಾ ಪುಟದಲ್ಲಿ ಹೇಳಿದಂತಿಲ್ಲದ ಸರಕನ್ನು ಹಿಂಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಆದರೆ "ನನ್ನ ಕಾಲಿಗೆ ಆಗಲಿಲ್ಲ" ಎಂಬುದು ದೋಷವಲ್ಲ, ಅದು ಅಂಗಡಿಯ ನೀತಿಗೆ ಬಿಟ್ಟದ್ದು. ಅಳತೆಯ ತಪ್ಪು ನಮ್ಮ ತಲೆಗೇ ಬರುವುದರಿಂದ ಹಾಳೆ ಪೆನ್ಸಿಲಿನ ಕೆಲಸಕ್ಕೆ ಅಷ್ಟು ಬೆಲೆ. ದೋಷದ ವಿಷಯದಲ್ಲಿ ಮಾರಾಟಗಾರರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇದ್ದರೂ ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಬೈಂದೂರಿನವರು ಬೆಂಗಳೂರಿಗೆ ಓಡಬೇಕಾಗಿಲ್ಲ. ಡಬ್ಬಿ ಬಿಚ್ಚುವಾಗ ವಿಡಿಯೋ, ಬಿಲ್ಲು, ಮಾರಾಟದ ಪುಟದ ಚಿತ್ರ ಇಟ್ಟುಕೊಂಡಿರಿ.

ಬೈರಾಸು ಸುತ್ತಿಕೊಂಡು ಇಳಿದ ಆ ಬೂಟನ್ನು ಮರುದಿನ ಪೇಟೆಯ ಚಮ್ಮಾರರೊಬ್ಬರಿಗೆ ತೋರಿಸಿದೆವು. ಬರೀ ಅಂಟು ಬಿಟ್ಟ ಅಟ್ಟೆಯಾದರೆ ಸುತ್ತಲೂ ಹೊಲಿಗೆ ಹಾಕಿ ಇನ್ನೂ ಎರಡು ಮಳೆಗಾಲ ಓಡಿಸಿ ಕೊಡುತ್ತಿದ್ದರು. ಅವರು ನಡುಪದರವನ್ನು ಹೆಬ್ಬೆರಳಿನಿಂದ ಒತ್ತಿದರು, ಅದು ಪುಡಿ ಪುಡಿಯಾಗಿ ಉದುರಿತು. "ಇದಕ್ಕೆ ಸೂಜಿ ಹಿಡಿಯುವುದಿಲ್ಲ" ಎಂದು ವಾಪಸ್ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಇನ್ನೊಂದು ಕಾಲಿನ ಬೂಟು ಆಗಿನ್ನೂ ಗಟ್ಟಿಯಾಗೇ ಇತ್ತು, ಎರಡು ವಾರದ ಮೇಲೆ ಅದರ ಅಟ್ಟೆಯೂ ಮೂಲೆಯಲ್ಲಿ ಇಟ್ಟಲ್ಲೇ ಬಿಟ್ಟಿತು.